ಕೊರಳ ನರ ಉಬ್ಬಿದ್ದರೆ ಗುಂಡಿಗೆ ನೋಡಿ

ಕಳೆದ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ಅರಕಲಗೂಡು ಕಡೆಯ ಒಂದು ಹಳ್ಳಿಯಿಂದ ಫೋನ್ ಬಂತು. "ಡಾಕ್ಟ್ರೇ, ಹಸು ಗಂಗೆದೊಗಲಲ್ಲಿ ನೀರು ತುಂಬ್ಕೊಂಡಿದೆ, ಏನೋ ಹುಳ ಕಚ್ಚಿರ್ಬೇಕು" ಅಂದರು. ಹೋಗಿ ನೋಡಿದೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ, ಎಂಟು ತಿಂಗಳ ಗಬ್ಬ. ಮುಂಗಾಲಿನ ಮೊಣಕೈಗಳನ್ನು ಹೊರಕ್ಕೆ ಚಾಚಿ, ಬೆನ್ನು ಗೂನು ಮಾಡಿಕೊಂಡು ನಿಂತಿತ್ತು. ಗಂಗೆದೊಗಲು, ಅಂದರೆ ಕೊರಳ ಕೆಳಗೆ ಜೋಲುವ ತೊಗಲು, ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯಿತು. ಕೊರಳಿನ ನರ, ಅಂದರೆ ರಕ್ತನಾಳ, ಹಗ್ಗದ ಹಾಗೆ ಉಬ್ಬಿತ್ತು. ಎಡ ಮೊಣಕೈ ಸಂದಿಯಲ್ಲಿ ಸ್ಟೆತೊಸ್ಕೋಪ್ ಇಟ್ಟೆ. ಲಬ್-ಡಬ್ ಕೇಳಲೇ ಇಲ್ಲ. ಅರ್ಧ ತುಂಬಿದ ಕೊಡ ಅಲ್ಲಾಡಿಸಿದ ಹಾಗೆ ಗುಳುಗುಳು ಸದ್ದು.

ಆ ಹಸು ಉಳಿಯಲಿಲ್ಲ. ಹೊಟ್ಟೆಯಿಂದ ಹೊರಟು ಗುಂಡಿಗೆಯ ಚೀಲಕ್ಕೆ ಚುಚ್ಚಿಕೊಂಡಿದ್ದ ಒಂದು ತಂತಿ ತುಂಡು ಆಮೇಲೆ ಸಿಕ್ಕಿತು. ಮನೆಯವರ ಮೊದಲ ಪ್ರಶ್ನೆ: "ತಿಂದದ್ದು ಹೊಟ್ಟೆಗೆ ಹೋಗುತ್ತೆ, ಗುಂಡಿಗೆಗೆ ಹೇಗೆ ಬಂತು?" ತುಂಬಾ ಸರಿಯಾದ ಪ್ರಶ್ನೆ. ಇದನ್ನು ಬರೆಯುತ್ತಿರುವುದೇ ಅದಕ್ಕಾಗಿ.

ಮೊದಲು ಗುಂಡಿಗೆ ಏನು ಮಾಡುತ್ತೆ ಅಂತ ನೋಡೋಣ. ಹಸುವಿನ ಗುಂಡಿಗೆ ಮುಂಗಾಲುಗಳ ನಡುವೆ, ಎದೆಗೂಡಿನ ಕೆಳಭಾಗದಲ್ಲಿ ಸ್ವಲ್ಪ ಎಡಕ್ಕೆ ಇರುತ್ತದೆ. 400 ಕೆಜಿ ಹಸುವಿನಲ್ಲಿ ಅದು ಸುಮಾರು 2 ಕೆಜಿ ತೂಗುತ್ತದೆ. ದನದ ಗುಂಡಿಗೆಯೊಳಗೆ ಒಂದು ಪುಟ್ಟ ಮೂಳೆಯೂ ಇರುತ್ತದೆ, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಒಳಗೆ ನಾಲ್ಕು ಕೋಣೆ, ಬಲಕ್ಕೆ ಎರಡು, ಎಡಕ್ಕೆ ಎರಡು. ಮೈಯೆಲ್ಲ ಸುತ್ತಿ ವಾಪಸ್ ಬಂದ ರಕ್ತ ಬಲಗಡೆಗೆ ಇಳಿಯುತ್ತದೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ಗಾಳಿಯ ಆಮ್ಲಜನಕ ತುಂಬಿಕೊಂಡು ಎಡಗಡೆಗೆ ಬರುತ್ತದೆ, ಎಡಗಡೆ ಅದನ್ನು ಕಿವಿ ತುದಿಯಿಂದ ಗೊರಸಿನವರೆಗೆ ತಳ್ಳುತ್ತದೆ. ಬಲಗಡೆಯ ಕೆಲಸ ಪಕ್ಕದ ಮನೆಗೆ ನೀರು ಕೊಟ್ಟ ಹಾಗೆ, ಎಡಗಡೆಯದ್ದು ಇಡೀ ಊರಿಗೆ ಕೊಟ್ಟ ಹಾಗೆ. ಅದಕ್ಕೇ ಎಡಗಡೆ ಗೋಡೆ ದಪ್ಪ, ಬಲಗಡೆ ಗೋಡೆ ತೆಳ್ಳಗೆ. ಈ ತೆಳ್ಳಗಿನ ಗೋಡೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಎಲ್ಲ ಪ್ರಾಣಿಗೂ ಹೀಗೇ ಇಲ್ಲ. ಗೊರೂರು ಅಣೆಕಟ್ಟೆಯ ಮೀನಿಗೆ ಗುಂಡಿಗೆಯಲ್ಲಿ ಎರಡೇ ಮುಖ್ಯ ಕೋಣೆ. ರಕ್ತ ಕಿವಿರಿಗೆ ಹೋಗಿ ಅಲ್ಲಿಂದ ನೇರ ಮೈಗೆ ಹೋಗುತ್ತದೆ, ನಡುವೆ ಗುಂಡಿಗೆಗೆ ವಾಪಸ್ ಬರುವುದಿಲ್ಲ. ಕಪ್ಪೆಗೆ ಮೂರು ಕೋಣೆ. ಕೋಳಿಗೆ ನಮ್ಮ ಹಾಗೇ ನಾಲ್ಕು, ಆದರೆ ನಿಮಿಷಕ್ಕೆ 250ಕ್ಕೂ ಜಾಸ್ತಿ ಬಡಿತ. ದೊಡ್ಡ ಹಸುವಿಗೆ 60ರಿಂದ 80, ಎಳೆಗರುವಿಗೆ 100ರ ಮೇಲೆ. ಮೈ ಚಿಕ್ಕದಾದಷ್ಟು ಬಡಿತ ಜೋರು.

ಹಸುವಿನ ಬಡಿತ ನೀವೇ ಎಣಿಸಬಹುದು. ಬಾಲ ಮೇಲೆತ್ತಿ, ಬುಡದಿಂದ ಒಂದು ಗೇಣು ಕೆಳಗೆ ಒಳಭಾಗದ ನಡುವಿನ ಗೆರೆಯಲ್ಲಿ ಎರಡು ಬೆರಳು ಮೆಲ್ಲಗೆ ಇಡಿ. ಹಸು ತಣ್ಣಗೆ ನಿಂತಿರುವಾಗ ಎಣಿಸಿ, ಓಡಾಡಿಸಿದ ತಕ್ಷಣ ಬೇಡ.

ಹಾಲಿನ ಹಸುವಿನ ಗುಂಡಿಗೆ ಎಷ್ಟು ದುಡಿಯುತ್ತೆ ಅನ್ನೋದು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಒಂದು ಲೀಟರ್ ಹಾಲು ಆಗಬೇಕಾದರೆ ಕೆಚ್ಚಲಿನಲ್ಲಿ ಸುಮಾರು 400ರಿಂದ 500 ಲೀಟರ್ ರಕ್ತ ಹರಿದು ಹೋಗಬೇಕು. ಆದರೆ ಮೈಯಲ್ಲಿ ಇರುವ ರಕ್ತವೇ ಇಪ್ಪತ್ತೈದು ಲೀಟರ್ ಆಸುಪಾಸು. ಅದೇ ರಕ್ತ ಮತ್ತೆ ಮತ್ತೆ ಸುತ್ತಬೇಕು, ಹಗಲೂ ರಾತ್ರಿ, ನಾವು ಡೇರಿಗೆ ಹಾಲು ಹಾಕಿ ಬಂದು ಮಲಗಿದ ಮೇಲೂ.

ಈಗ ತಂತಿ ವಿಷಯ. ದನ ಅಗಿದು ನುಂಗುವುದಿಲ್ಲ, ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ಆಡು ತುಟಿಯಲ್ಲಿ ಆರಿಸಿ ತಿನ್ನುತ್ತೆ, ದನ ನಾಲಿಗೆಯಲ್ಲಿ ಬಾಚಿ ಒಳಗೆಳೆದುಕೊಳ್ಳುತ್ತೆ. ಹುಲ್ಲಿನ ಜೊತೆ ಮೊಳೆ ಬಂದರೂ ಗೊತ್ತಾಗುವುದಿಲ್ಲ. ಭಾರದ ವಸ್ತು ಬಂದು ಕೂರುವುದು ಎರಡನೇ ಹೊಟ್ಟೆಯಲ್ಲಿ, ಒಳಗೆ ಜೇನುಗೂಡಿನ ಹಾಗೆ ಕಾಣುವ ಆ ಚೀಲದಲ್ಲಿ. ಆ ಚೀಲ ಇರುವುದು ಹೊಟ್ಟೆಯ ತೀರಾ ಮುಂಭಾಗದಲ್ಲಿ. ಅದರ ಮುಂದೆ ವಪೆ ಅನ್ನೋ ತೆಳ್ಳಗಿನ ಪರದೆ, ಪರದೆಯ ಆಚೆ ಗುಂಡಿಗೆ. ನಡುವೆ ಕೆಲವೇ ಬೆರಳಿನ ಅಂತರ ಅಷ್ಟೇ! ಆ ಚೀಲ ಸುಮ್ನೆ ಇರುವುದೂ ಇಲ್ಲ, ನಿಮಿಷಕ್ಕೊಮ್ಮೆ ಗಟ್ಟಿಯಾಗಿ ಹಿಂಡುತ್ತಲೇ ಇರುತ್ತದೆ. ಚೂಪು ತಂತಿ ಇದ್ದರೆ ಹಿಂಡಿದಾಗಲೆಲ್ಲ ಸ್ವಲ್ಪ ಸ್ವಲ್ಪ ಮುಂದಕ್ಕೆ. ಗಬ್ಬ ತುಂಬಿದಾಗ ಕರು ಹಿಂದಿನಿಂದ ಒತ್ತುತ್ತದೆ, ಅದಕ್ಕೇ ಎಷ್ಟೋ ಹಸುಗಳಲ್ಲಿ ಇದು ಬಯಲಿಗೆ ಬರುವುದು ಕರು ಹಾಕುವ ಆಸುಪಾಸಿನಲ್ಲಿ.

ತಂತಿಯ ಜೊತೆ ಹೊಟ್ಟೆಯ ಕೊಳೆಯೂ ಹೋಗುತ್ತದೆ. ಗುಂಡಿಗೆಯ ಸುತ್ತ ಇರುವ ಚೀಲದಲ್ಲಿ ಕೀವು ತುಂಬುತ್ತದೆ. ಕೀವು ಹೊರಗಿನಿಂದ ಗುಂಡಿಗೆಯನ್ನು ಅಮುಕುತ್ತದೆ. ಮೊದಲು ಸೋಲುವುದು ಆ ತೆಳ್ಳಗಿನ ಬಲಗಡೆ. ಅದು ಅರಳದೇ ಇದ್ದರೆ ಮೈಯಿಂದ ಬಂದ ರಕ್ತಕ್ಕೆ ಒಳಗೆ ಜಾಗ ಇಲ್ಲ, ಕಾಲುವೆಗೆ ಅಡ್ಡ ಮಣ್ಣು ಬಿದ್ದ ಹಾಗೆ ಹಿಂದಕ್ಕೆ ನಿಲ್ಲುತ್ತದೆ. ಕೊರಳ ನರ ಉಬ್ಬುವುದು ಇದಕ್ಕೇ. ನಾಳದೊಳಗೆ ಒತ್ತಡ ಜಾಸ್ತಿಯಾಗಿ ನೀರು ಹೊರಗೆ ಜಿನುಗುತ್ತದೆ, ಜಿನುಗಿದ್ದು ತಗ್ಗಿಗೆ ಇಳಿದು ದವಡೆಯ ಕೆಳಗೆ, ಗಂಗೆದೊಗಲಿನಲ್ಲಿ ನಿಲ್ಲುತ್ತದೆ. ಹುಳವೂ ಅಲ್ಲ, ಹಾವೂ ಅಲ್ಲ.

ದವಡೆ ಕೆಳಗೆ ನೀರು ಬಂದದ್ದೆಲ್ಲ ಗುಂಡಿಗೆ ರೋಗ ಅಲ್ಲ, ಇದನ್ನೂ ಹೇಳಬೇಕು. ಗದ್ದೆ ಬಯಲಲ್ಲಿ ಮೇಯುವ ಕುರಿ, ದನಗಳಲ್ಲಿ ಪಿತ್ತಜನಕಾಂಗದ ಹುಳ ಆದರೂ ಹೀಗಾಗುತ್ತದೆ. ಅಲ್ಲಿ ಒಸಡು ಬಿಳಚಿರುತ್ತದೆ, ಕೊರಳ ನರ ಉಬ್ಬಿರುವುದಿಲ್ಲ. ನೋಡುವ ಬಗೆ ಹೀಗೆ: ಹಸು ತಲೆ ಎತ್ತಿ ನಿಂತಿರುವಾಗ ಕೊರಳಿನ ಪಕ್ಕದಲ್ಲಿ ನರ ಓಡುವ ತಗ್ಗಿನ ನಡುವೆ ಹೆಬ್ಬೆರಳಿಂದ ಒತ್ತಿ ಹಿಡಿಯಿರಿ. ಬೆರಳಿಗಿಂತ ಕೆಳಗಿನ ನರ, ಅಂದರೆ ಎದೆ ಕಡೆಯದ್ದು, ಖಾಲಿಯಾಗಿ ಕುಸಿದರೆ ಸರಿ. ಒತ್ತಿದ ಮೇಲೂ ತುಂಬಿಕೊಂಡೇ ಇದ್ದರೆ ಅದೇ ದಿನ ಡಾಕ್ಟರನ್ನು ಕರೆಯಿರಿ. ಮೇಯುವಾಗ ತಲೆ ತಗ್ಗಿಸಿದರೆ ಯಾವ ಹಸುವಿಗೂ ನರ ತುಂಬುತ್ತದೆ, ಅದಕ್ಕೆ ಹೆದರಬೇಡಿ.

ಆದರೆ ನರ ಉಬ್ಬುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೂ ಮೊದಲು ಹಸು ಹೇಳುತ್ತೆ. ಹಾಲು ಒಂದೇ ದಿನಕ್ಕೆ ಇಳಿಯುತ್ತದೆ. ಮೆಲುಕು ನಿಲ್ಲುತ್ತದೆ. ಮಲೆನಾಡಿನ ಕಡೆ ಇಳಿಜಾರು ಜಾಸ್ತಿ ಅಲ್ವಾ, ಇಳಿಯುವುದಕ್ಕೆ ಹಿಂದೇಟು ಹಾಕುತ್ತದೆ, ಇಳಿಯುವಾಗ ನರಳುತ್ತದೆ. ಹೆಗಲ ಮೇಲಿನ ಚರ್ಮ ಗಟ್ಟಿಯಾಗಿ ಹಿಡಿದು ಹಿಂಡಿ ನೋಡಿ. ಚೆನ್ನಾಗಿರುವ ಹಸು ಬೆನ್ನು ತಗ್ಗಿಸುತ್ತದೆ, ಒಳಗೆ ನೋವಿರುವ ಹಸು ತಗ್ಗಿಸಲು ಒಪ್ಪುವುದಿಲ್ಲ. ಈ ಹಂತದಲ್ಲಿ ಆಪರೇಷನ್ ಮಾಡಿ ಹೊಟ್ಟೆಯಿಂದ ತಂತಿ ತೆಗೆದು ಬದುಕಿಸಬಹುದು, ಬದುಕಿಸಿದ್ದೇವೆ.

ತಂತಿ ಎಲ್ಲಿಂದ ಬರುತ್ತೆ? ಮನೆ ಕಟ್ಟಿದಲ್ಲಿ ಬಿದ್ದ ಬೈಂಡಿಂಗ್ ವೈರ್, ಶುಂಠಿ ಹೊಲದ ಬೇಲಿ, ಸುಟ್ಟ ಟೈರಿನ ಬೂದಿ. ನನಗೆ ಎಲ್ಲಕ್ಕಿಂತ ಭಯ ಮೇವು ಕತ್ತರಿಸುವ ಮಷಿನ್. ಉದ್ದ ತಂತಿ ಇದ್ದರೆ ಕಣ್ಣಿಗಾದರೂ ಬೀಳುತ್ತೆ. ಮಷಿನ್ ಅದನ್ನು ಎರಡೂ ತುದಿ ಚೂಪಾದ ತುಂಡು ಮಾಡಿ ಮೇವಿನ ಜೊತೆ ಕಲಸಿ ಕೊಡುತ್ತದೆ.

ಆ ಮನೆಯಲ್ಲಿ ಇನ್ನೊಂದು ಹಸು ಇತ್ತು, ಅದೇ ಗೋದಲಿಯಲ್ಲಿ ತಿಂದದ್ದು. ನರ ಒತ್ತಿದೆ, ಕುಸಿಯಿತು. ಹೆಗಲು ಹಿಂಡಿದೆ, ಬೆನ್ನು ತಗ್ಗಿಸಿತು. ಬಾಲ ಹಿಡಿದು ಎಣಿಸಿದೆ, 68. ಬೆರಳುದ್ದದ ಒಂದು ಅಯಸ್ಕಾಂತ ನುಂಗಿಸಿದೆವು. ಅದು ಜೇನುಗೂಡು ಹೊಟ್ಟೆಯಲ್ಲೇ ಕೂತು, ಒಳಗೆ ಬಂದ ಕಬ್ಬಿಣವನ್ನು ಅಂಟಿಸಿ ಹಿಡಿದುಕೊಳ್ಳುತ್ತದೆ. ವಾರ ಬಿಟ್ಟು ಹೋದಾಗ ಮೇವಿನ ಮಷಿನ್ ಬಾಯಿಗೆ ಹಳೇ ಸ್ಪೀಕರಿನ ಎರಡು ಅಯಸ್ಕಾಂತ ಕಟ್ಟಿದ್ದರು. ಒಂದರ ಮೇಲೆ ಆಗಲೇ ಮೂರು ಮೊಳೆ ಅಂಟಿತ್ತು.