ಘಟ್ಟ ಹತ್ತಲು ಡೀಸೆಲ್ಲೇ ಬೇಕಾ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕಾರು ತಗೊಳ್ಳುವ ಮಾತು ಬಂದರೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ‘ಘಟ್ಟ ಹತ್ತಬೇಕಲ್ಲ ಮಾರಾಯ, ಡೀಸೆಲ್ಲೇ ತಗೋ.’ ಹದಿನೈದು ವರ್ಷದ ಹಿಂದೆ ಈ ಮಾತಿಗೆ ಎದುರಾಡುವ ಹಾಗಿರಲಿಲ್ಲ. ಈಗ ಎದುರಾಡಬಹುದು.

ಘಟ್ಟಕ್ಕೆ ಬೇಕಾದದ್ದು ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ. ಅದೂ ಎಂಜಿನ್ ನಿಧಾನವಾಗಿ ಓಡುತ್ತಿರುವಾಗಲೇ ಸಿಗಬೇಕು. ಟರ್ಬೋ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಸಾಧನ, ಇಲ್ಲದ 1.2 ಲೀಟರ್ ಪೆಟ್ರೋಲ್ ಎಂಜಿನ್ ಹೆಚ್ಚೆಂದರೆ 110 ನ್ಯೂಟನ್ ಮೀಟರ್ ಆಸುಪಾಸು ಕೊಡುತ್ತದೆ. ಅಷ್ಟು ಕೊಡಬೇಕಾದರೂ ಸಾಮಾನ್ಯವಾಗಿ ನಿಮಿಷಕ್ಕೆ 4,000 ಸುತ್ತು ಹೊಡೆಯಬೇಕು. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು. ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು, ಮೇಲೆ ಎಸಿ ಬೇರೆ. ಎಂಜಿನ್ ಅರಚದೆ ಇನ್ನೇನು ಮಾಡುತ್ತದೆ?

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಅದು ಗಾಳಿಯನ್ನು ಸುಮಾರು ಹದಿನಾರನೇ ಒಂದು ಭಾಗಕ್ಕೆ ಒತ್ತುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಬುಡ ಬಿಸಿಯಾಗುತ್ತದಲ್ಲ, ಹಾಗೆ ಆ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರೊಳಗೆ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಒತ್ತುವಾಗ ಒಳಗೆ ಇರುವುದು ಬರೀ ಗಾಳಿ, ಹಾಗಾಗಿ ಟರ್ಬೋ ಇಟ್ಟು ಇನ್ನಷ್ಟು ಗಾಳಿ ತುರುಕಿದರೂ ತೊಂದರೆಯಿಲ್ಲ.

ಟರ್ಬೋ ಹೊಸದೇನಲ್ಲ. ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಹೊರಹೋಗುವ ಹೊಗೆ ಒಂದು ಪುಟ್ಟ ಚಕ್ರವನ್ನು ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಎಂಜಿನ್ನಿಗೆ ಗಾಳಿ ನೂಕುತ್ತದೆ. ಪೆಟ್ರೋಲಿಗೆ ಇದು ಸುಲಭಕ್ಕೆ ಒಗ್ಗಲಿಲ್ಲ. ಗಾಳಿಯ ಜೊತೆ ಬೆರೆತ ಪೆಟ್ರೋಲನ್ನು ಜಾಸ್ತಿ ಒತ್ತಿದರೆ ಹೊತ್ತಲ್ಲದ ಹೊತ್ತಿಗೆ ಸಿಡಿಯುತ್ತದೆ, ಎಂಜಿನ್ ‘ನಾಕ್’ ಹೊಡೆಯುತ್ತದೆ. ನೇರವಾಗಿ ಸಿಲಿಂಡರಿಗೇ ಇಂಧನ ಸಿಂಪಡಿಸುವ ಇಂಜೆಕ್ಟರ್, ಕ್ಷಣಕ್ಷಣಕ್ಕೂ ಲೆಕ್ಕ ಹಾಕುವ ಕಂಪ್ಯೂಟರ್ ಬಂದ ಮೇಲೆ ಇದು ಹತೋಟಿಗೆ ಬಂತು. ಹುಂಡೈ ಕ್ರೆಟಾ ನೋಡಿ: 1.5 ಲೀಟರ್ ಡೀಸೆಲ್ 250 ನ್ಯೂಟನ್ ಮೀಟರ್, ಅಷ್ಟೇ ದೊಡ್ಡ ಟರ್ಬೋ ಪೆಟ್ರೋಲ್ 253. ಎರಡೂ 1,500 ಸುತ್ತಿಗೇ ಸಿಗುತ್ತವೆ. ಬಲದ ವಿಷಯದಲ್ಲಿ ಹಳೆಯ ವಾದ ಇಲ್ಲಿಗೆ ಮುಗಿಯಿತು.

ಆದರೆ ಒಂದು ಲೀಟರಿನ ಸಣ್ಣ ಟರ್ಬೋ ಪೆಟ್ರೋಲ್ ನೋಡುತ್ತಿದ್ದರೆ ಹುಷಾರು. ತಿರುವಿನಲ್ಲಿ ಎರಡನೇ ಗೇರಿನಲ್ಲೇ ತಿರುಗಿಸಿದಿರಿ, ಸುತ್ತು 1,200ಕ್ಕೆ ಇಳಿಯಿತು ಅನ್ನಿ. ಟರ್ಬೋ ತಿರುಗಿಸುವಷ್ಟು ಹೊಗೆ ಆಗ ಇರುವುದಿಲ್ಲ. ಆ ಹೊತ್ತಿಗೆ ನಿಮ್ಮ ಕೈಲಿರುವುದು ಬರೀ ಒಂದು ಲೀಟರಿನ ಬಡಪಾಯಿ ಎಂಜಿನ್. ಮೊದಲನೇ ಗೇರಿಗೆ ಹಾಕಲೇಬೇಕು. ಡೀಸೆಲ್ಲಿಗೂ ಈ ರೋಗ ಇಲ್ಲದಿಲ್ಲ. ಹಳೆಯ 1.3 ಲೀಟರ್ ಡೀಸೆಲ್ ಕಾರು ಓಡಿಸಿದವರಿಗೆ 2,000 ಸುತ್ತಿನ ಕೆಳಗೆ ಅದರ ಸೋಮಾರಿತನ ಚೆನ್ನಾಗಿ ಗೊತ್ತು.

ಮೈಲೇಜಿನಲ್ಲಿ ಮಾತ್ರ ಡೀಸೆಲ್ಲೇ ಮುಂದೆ. ಏರಿನಲ್ಲಿ ಟರ್ಬೋ ಪೆಟ್ರೋಲಿಗೆ ಜೋರಾಗಿ ಕಾಲು ಕೊಟ್ಟರೆ ಎಷ್ಟೋ ಎಂಜಿನ್‌ಗಳು ಒಳಗಿನ ಬಿಸಿ ತಗ್ಗಿಸಲೆಂದೇ ಹೆಚ್ಚಿಗೆ ಪೆಟ್ರೋಲ್ ಸುರಿಯುತ್ತವೆ. ಇಳಿಜಾರಿನಲ್ಲಿ ಡೀಸೆಲ್ ಎಂಜಿನ್ನೇ ಚೆನ್ನಾಗಿ ಹಿಡಿಯುತ್ತದೆ ಅನ್ನುವ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ. ಕಾಲು ತೆಗೆದಾಗ ಪೆಟ್ರೋಲ್ ಎಂಜಿನ್ನಿನ ಗಾಳಿಯ ದಾರಿ ಮುಚ್ಚುತ್ತದೆ, ಗಾಳಿ ಎಳೆಯಲು ಒದ್ದಾಡುತ್ತಾ ಅದು ಕಾರಿನ ಓಟ ತಗ್ಗಿಸುತ್ತದೆ. ಡೀಸೆಲ್ಲಿನಲ್ಲಿ ಸಾಮಾನ್ಯವಾಗಿ ಆ ತಡೆ ಇಲ್ಲ. ಲಾರಿಗಳಿಗೆ ಹೊಗೆಯ ದಾರಿ ಮುಚ್ಚಿ ಓಟ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಅಂತ ಬೇರೆಯೇ ಕೂರಿಸುವುದು ಅದಕ್ಕೇ.

ಇಷ್ಟಾದರೂ ನನ್ನ ಪ್ರಕಾರ ತೀರ್ಮಾನ ಮಾಡಬೇಕಾದದ್ದು ಘಟ್ಟ ಅಲ್ಲ, ದಿನದ ಓಡಾಟ. 2020ರ ಏಪ್ರಿಲ್‌ನಲ್ಲಿ ಹೊಗೆಯ ಮಾಲಿನ್ಯಕ್ಕೆ ಕಡಿವಾಣ ಹಾಕುವ ಬಿಎಸ್6 ನಿಯಮ ಬಂದ ಮೇಲೆ ಡೀಸೆಲ್ ಕಾರಿಗೆ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಬಂತು. ಸೇರಿದ ಮಸಿಯನ್ನು ಅದು 600 ಡಿಗ್ರಿ ಆಸುಪಾಸಿನಲ್ಲಿ ಸುಟ್ಟುಕೊಳ್ಳುತ್ತದೆ. ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಓಡಬೇಕು. ವಾರ ವಾರ ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಿಬರುವವರಿಗೆ ಇದು ಗಮನಕ್ಕೂ ಬರುವುದಿಲ್ಲ, ಅವರು ಕಣ್ಣುಮುಚ್ಚಿ ಡೀಸೆಲ್ ತಗೊಳ್ಳಲಿ. ತೋಟದ ಮನೆಯಿಂದ ಪೇಟೆಗೆ ಐದಾರು ಕಿಲೋಮೀಟರ್, ಅಲ್ಲಿಂದ ಸೊಸೈಟಿ, ಮತ್ತೆ ಮನೆ ಅನ್ನುವ ಅಡಿಕೆ ಬೆಳೆಗಾರರು ಟರ್ಬೋ ಪೆಟ್ರೋಲ್ ನೋಡುವುದೇ ಮೇಲು. ಮಳೆಗಾಲದ ಇಂಥ ಚಿಕ್ಕ ಓಡಾಟದಲ್ಲಿ ಫಿಲ್ಟರ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಮಸಿ ಸುಡುವುದು ಅರ್ಧಕ್ಕೇ ನಿಂತು, ಅದಕ್ಕೆಂದು ಹೆಚ್ಚಿಗೆ ಸುರಿದ ಡೀಸೆಲ್ ಕೆಲವು ಎಂಜಿನ್‌ಗಳಲ್ಲಿ ಒಂದಿಷ್ಟು ಆಯಿಲ್ಲಿಗೆ ಇಳಿಯುತ್ತದೆ. ಆಯಿಲ್ ಕಡ್ಡಿ ಎಳೆದು ನೋಡಿದಾಗ ಮಟ್ಟ ತಾನಾಗಿಯೇ ಏರಿದ್ದರೆ, ಅಲ್ಲಿ ಸೇರಿರುವುದು ಬಹುಪಾಲು ಡೀಸೆಲ್ಲೇ.