ಒಕ್ಕೂಟ ಬಿಡುವುದು ಸರಿ, ಬಿಟ್ಟು ಹೋಗುವುದು ಎಲ್ಲಿಗೆ?

ಓದುಗರ ಪ್ರಶ್ನೆ: ಒಂದು ದೇಶ ದೊಡ್ಡ ಒಕ್ಕೂಟದಲ್ಲಿದೆ. ಅಲ್ಲಿನ ನಿಯಮಗಳು ತನಗೆ ಹಿಡಿಸುತ್ತಿಲ್ಲ. ಹಾಗಿದ್ದರೆ ಹೊರಗೆ ಬರುವುದೇ ಒಳ್ಳೆಯದಲ್ವಾ? ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಗೆ ಬಂದದ್ದು ಸರಿಯೋ ತಪ್ಪೋ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೊರಗೆ ಬರುವ ಹಕ್ಕು ಎಲ್ಲ ದೇಶಕ್ಕೂ ಇರಬೇಕು. ಆದರೆ ಹೊರಗೆ ಬಂದು ಎಲ್ಲಿ ನಿಲ್ಲುತ್ತೇವೆ ಅನ್ನುವುದನ್ನು ಬರೆದು ಜನರ ಮುಂದಿಟ್ಟು ಕೇಳದೆ ಬರಬಾರದು. ಬ್ರಿಟನ್ ಎಡವಿದ್ದು ಇಲ್ಲೇ ಅಂತ ನನಗೆ ಅನಿಸುತ್ತದೆ.

2016ರ ಜೂನ್ 23ರಂದು ಬ್ರಿಟನ್ನಿನ ಮತದಾರರ ಕೈಗೆ ಬಂದ ಚೀಟಿಯಲ್ಲಿ ಒಂದು ಪ್ರಶ್ನೆ, ಎರಡು ಚೌಕ ಇದ್ದವು. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೋ, ಅದನ್ನು ಬಿಡಬೇಕೋ? ಉಳಿಯುವುದು ಅಂದರೆ ಏನು ಅಂತ ಎಲ್ಲರಿಗೂ ಗೊತ್ತಿತ್ತು. 1973ರಿಂದ ಅದರೊಳಗೇ ಬದುಕಿದ್ದರಲ್ಲ. ಬಿಡುವುದು ಅಂದರೆ ಏನು? ನಾರ್ವೆಯ ಹಾಗೆ ಸದಸ್ಯತ್ವ ಇಲ್ಲದೆ ಒಕ್ಕೂಟದ ಮಾರುಕಟ್ಟೆಯಲ್ಲಿ ಮಾತ್ರ ಇರುವುದಾ? ಟರ್ಕಿಯ ಹಾಗೆ ಸುಂಕದ ಮಟ್ಟಿಗೆ ಕೈಜೋಡಿಸುವುದಾ? ಕೆನಡಾದ ಹಾಗೆ ವ್ಯಾಪಾರ ಒಪ್ಪಂದ ಮಾಡಿಕೊಂಡು ದೂರ ಇರುವುದಾ? ಇಲ್ಲ, ಯಾವ ಒಪ್ಪಂದವೂ ಇಲ್ಲದೆ ಎದ್ದು ಬರುವುದಾ? ಇವೆಲ್ಲಕ್ಕೂ ಸೇರಿ ಇದ್ದದ್ದು ಒಂದೇ ಚೌಕ. ಸುಮಾರು 1 ಕೋಟಿ 74 ಲಕ್ಷ ಜನ ಅದಕ್ಕೆ ಗುರುತು ಹಾಕಿದರು. ಬಿಡಬೇಕು ಅಂದವರು ಶೇ 51.9, ಉಳಿಯಬೇಕು ಅಂದವರು ಶೇ 48.1. ಗೆದ್ದವರೆಲ್ಲ ಬಯಸಿದ್ದು ಒಂದೇ ಅಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಅದರ ಬೆಲೆಯನ್ನು ಸಂಸತ್ತು ತೆತ್ತಿತು. ಆಗಿನ ಪ್ರಧಾನಿ ತೆರೇಸಾ ಮೇ ಸುಮಾರು ಒಂದೂವರೆ ವರ್ಷ ಕೂತು ಮಾತಾಡಿ ತಂದ ಒಪ್ಪಂದ 2019ರ ಜನವರಿಯಲ್ಲಿ 432–202 ಮತಗಳಿಂದ ಬಿದ್ದುಹೋಯಿತು. ಮಾರ್ಚ್ 27ರಂದು ಸಂಸದರು ತಾವೇ ಎಂಟು ದಾರಿಗಳನ್ನು ಮುಂದಿಟ್ಟು ಮತ ಹಾಕಿದರು. ಎಂಟರಲ್ಲಿ ಒಂದಕ್ಕೂ ಬಹುಮತ ಸಿಗಲಿಲ್ಲ. ಅವರನ್ನು ಬೈಯುವುದು ಸುಲಭ. ಆದರೆ ಜನರ ಮುಂದೆ ಇಡಬೇಕಾಗಿದ್ದ ಪ್ರಶ್ನೆ ಮೂರು ವರ್ಷ ತಡವಾಗಿ ಅವರ ಮುಂದೆ ಬಂದು ಕೂತಿತ್ತು.

ಬಿಡಬೇಕು ಅಂದವರ ಕಾರಣಗಳನ್ನು ಹಗುರವಾಗಿ ನೋಡಬಾರದು. ಹಣದ ವಾದ ಗಟ್ಟಿಯಾಗಿರಲಿಲ್ಲ, ನಿಜ. ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಕಳಿಸುತ್ತಿದ್ದೇವೆ ಅಂತ ಪ್ರಚಾರದ ಕೆಂಪು ಬಸ್ಸಿನ ಮೇಲೆ ಬರೆಸಿದ್ದರು. 1984ರಿಂದ ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಆ ಲೆಕ್ಕದಲ್ಲಿ ಕಳೆದೇ ಇರಲಿಲ್ಲ. ಆದರೆ ಇನ್ನೊಂದು ವಾದ ಇತ್ತು. ನಮ್ಮ ಕಾನೂನು ಮಾಡುವವರನ್ನು ನಾವೇ ಆರಿಸಬೇಕು, ಬೇಡ ಅನಿಸಿದರೆ ನಾವೇ ಇಳಿಸಬೇಕು ಅನ್ನುವುದು. ಇದು ಪೌಂಡಿನಲ್ಲಿ ಅಳೆಯುವ ಮಾತಲ್ಲ. ಸ್ವಲ್ಪ ಬಡವಾದರೂ ಪರವಾಗಿಲ್ಲ, ನಿರ್ಧಾರ ನಮ್ಮದಾಗಿರಲಿ ಅಂತ ತಿಳಿದೇ ಆರಿಸಿಕೊಂಡವರ ಬಗ್ಗೆ ನನಗೆ ಗೌರವ ಇದೆ. ನನ್ನ ತಕರಾರು ಒಂದೇ. ಏನೂ ಕಳೆದುಕೊಳ್ಳುವುದಿಲ್ಲ ಅಂತ ಅವರಿಗೆ ಹೇಳಬಾರದಿತ್ತು.

ಕಳೆದುಕೊಂಡಿದ್ದು ಏನು ಅಂತ ಹತ್ತಿರದಿಂದ ನೋಡೋಣ. ವೇಲ್ಸ್ ಕರಾವಳಿಯಲ್ಲಿ ಚಿಪ್ಪುಮೀನು ಹಿಡಿಯುವವರಿದ್ದಾರೆ. ಅವರ ಒಳ್ಳೆಯ ಗಿರಾಕಿಗಳು ಫ್ರಾನ್ಸ್, ನೆದರ್‌ಲೆಂಡ್ಸ್ ಕಡೆಯವರು. ಮೊದಲು ಜೀವಂತ ಚಿಪ್ಪುಮೀನನ್ನು ಲಾರಿಗೆ ಹಾಕಿ ಕಳಿಸಿದರೆ ಸಾಕಿತ್ತು. ಅಲ್ಲಿಯವರು ಶುದ್ಧ ನೀರಿನ ತೊಟ್ಟಿಗಳಲ್ಲಿ ಬಿಟ್ಟು ಚೊಕ್ಕ ಮಾಡಿ ಮಾರುತ್ತಿದ್ದರು. ಒಕ್ಕೂಟದ ಹೊರಗಿನ ದೇಶದಿಂದ ಹಾಗೆ ತರಿಸಿಕೊಳ್ಳುವುದಕ್ಕೆ ಅಲ್ಲಿನ ನಿಯಮ ಬಿಡುವುದಿಲ್ಲ. ಅತ್ಯಂತ ಶುದ್ಧ ಅಂತ ಗುರುತಿಸಿದ ನೀರಿನದಾದರೆ ಮಾತ್ರ ನೇರವಾಗಿ ಹೋಗಬಹುದು. ಉಳಿದದ್ದನ್ನು ಮೊದಲೇ ಚೊಕ್ಕ ಮಾಡಿ ಕಳಿಸಬೇಕು. ಅಷ್ಟು ದೊಡ್ಡ ತೊಟ್ಟಿ ಎಲ್ಲರ ಹತ್ತಿರ ಇರಲಿಲ್ಲ. 2021ರ ಜನವರಿಯಿಂದ ಆ ವ್ಯಾಪಾರ ಸುಮ್ನೆ ನಿಂತುಹೋಯಿತು. ಸಮುದ್ರ ಅದೇ, ಚಿಪ್ಪುಮೀನು ಅದೇ, ಗಿರಾಕಿಯೂ ಅದೇ. ಸ್ಕಾಟ್ಲೆಂಡಿನ ಬಿತ್ತನೆ ಆಲೂಗಡ್ಡೆಗೂ ಒಕ್ಕೂಟದ ಬಾಗಿಲು ಹೀಗೇ ಮುಚ್ಚಿತು.

2020ರ ಡಿಸೆಂಬರ್ 24ರಂದು ಆದ ವ್ಯಾಪಾರ ಒಪ್ಪಂದದಲ್ಲಿ ಸುಂಕ ಇರಲಿಲ್ಲ, ಅದು ದೊಡ್ಡ ವಿಷಯವೇ. ಆದರೆ ಸುಂಕ ಇಲ್ಲ ಅಂದರೆ ತಪಾಸಣೆ ಇಲ್ಲ ಅಂತ ಅಲ್ಲ. ಮಾಂಸ, ಮೀನು, ಚೀಸ್ ಏನೇ ಕಳಿಸಿದರೂ ಅಧಿಕೃತ ಆರೋಗ್ಯ ಪ್ರಮಾಣಪತ್ರ ಬೇಕು. ಒಂದೇ ಲಾರಿಯಲ್ಲಿ ಹತ್ತು ಜನರ ಸರಕಿದ್ದು, ಒಬ್ಬರ ಕಾಗದ ತಪ್ಪಾಗಿದ್ದರೆ ಹತ್ತೂ ಜನರದ್ದು ಬಂದರಿನಲ್ಲಿ ನಿಲ್ಲುತ್ತದೆ. ಈ ಹೊಸ ನಿಯಮಗಳು ಜಾರಿಗೆ ಬಂದಿದ್ದು ಒಪ್ಪಂದವಾದ ಒಂದೇ ವಾರಕ್ಕೆ. ದೊಡ್ಡ ಕಂಪನಿಗಳು ಜನ ಇಟ್ಟುಕೊಂಡು ನಿಭಾಯಿಸಬಹುದು. ಚಿಕ್ಕವರಿಗೆ ಯುರೋಪಿನ ಗಿರಾಕಿಯೇ ಬೇಡ ಅನಿಸುವಷ್ಟು ಕೆಲಸ ಅದು. ಇಂಥವೆಲ್ಲ ಸೇರಿ ಬ್ರಿಟನ್ನಿನ ಉತ್ಪಾದಕತೆ, ಒಕ್ಕೂಟದಲ್ಲೇ ಇದ್ದಿದ್ದರೆ ಇರುತ್ತಿದ್ದುದಕ್ಕಿಂತ ದೀರ್ಘಾವಧಿಯಲ್ಲಿ ಶೇ 4ರಷ್ಟು ಕಡಿಮೆಯಾಗುತ್ತದೆ ಅಂತ ಅಲ್ಲಿನ ಸರ್ಕಾರಿ ಬಜೆಟ್ ಪರಿಶೀಲನಾ ಸಂಸ್ಥೆಯೇ ಅಂದಾಜು ಮಾಡಿದೆ.

ಲಾಭ ಏನೂ ಆಗಲಿಲ್ಲವಾ? ಆಯಿತು. ಸ್ಯಾನಿಟರಿ ಪ್ಯಾಡಿನ ಮೇಲಿನ ತೆರಿಗೆ 2021ರಲ್ಲಿ ಹೋಯಿತು. ಪೆಸಿಫಿಕ್ ಸುತ್ತಲಿನ ದೇಶಗಳ ವ್ಯಾಪಾರ ಕೂಟಕ್ಕೆ 2024ರಲ್ಲಿ ಬ್ರಿಟನ್ ಸೇರಿತು. 2025ರಲ್ಲಿ ಅಮೆರಿಕ ಸುಂಕ ಏರಿಸಿದಾಗ ಬ್ರಿಟನ್ನಿನ ಹೆಚ್ಚಿನ ಸರಕಿಗೆ ಶೇ 10, ಒಕ್ಕೂಟದ್ದಕ್ಕೆ ಶೇ 15 ಬಿತ್ತು. ವಲಸೆಯ ನಿಯಮವೂ ಲಂಡನ್ ಕೈಗೆ ಬಂತು. ಆದರೆ 2023ರ ಜೂನ್‌ವರೆಗಿನ ಒಂದು ವರ್ಷದಲ್ಲಿ ನಿವ್ವಳ ವಲಸೆ 9 ಲಕ್ಷ ದಾಟಿತು. ವಲಸೆ ತಗ್ಗಲಿ ಅಂತ ಮತ ಹಾಕಿದವರಿಗೆ ಇದು ಎಷ್ಟು ನೋವು ಕೊಟ್ಟಿರಬೇಕು ಯೋಚಿಸಿ. ಅಧಿಕಾರ ಕೈಗೆ ಬರುವುದು ಬೇರೆ, ಅದನ್ನು ನಾವಂದುಕೊಂಡ ಹಾಗೆ ಯಾರಾದರೂ ಬಳಸುವುದು ಬೇರೆ.

ಗಡಿಯ ಮಾತಿಗೆ ಬಂದರೆ ನನಗೆ ಜಾಸ್ತಿ ಕಾಡುವುದು ಐರ್ಲೆಂಡ್. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲೇ ಉಳಿದ ಐರ್ಲೆಂಡ್ ಗಣರಾಜ್ಯಕ್ಕೂ ನಡುವೆ ಸುಮಾರು 500 ಕಿಲೋಮೀಟರ್ ಗಡಿ ಇದೆ. ಗಡಿ ದಾಟುವ ದಾರಿಗಳೇ 200ಕ್ಕಿಂತ ಜಾಸ್ತಿ. ಕೆಲವರ ಹೊಲವೇ ಎರಡು ದೇಶಗಳಲ್ಲಿ ಹರಡಿದೆ. ಉತ್ತರ ಐರ್ಲೆಂಡ್ ಬ್ರಿಟನ್ ಜೊತೆ ಇರಬೇಕು ಅನ್ನುವವರಿಗೂ ಐರ್ಲೆಂಡಿಗೆ ಸೇರಬೇಕು ಅನ್ನುವವರಿಗೂ ನಡುವೆ ನಡೆದ ಮೂವತ್ತು ವರ್ಷದ ರಕ್ತಪಾತದ ನಂತರ 1998ರ ಶಾಂತಿ ಒಪ್ಪಂದ ಆಯಿತು. ಆಮೇಲೆ ಕಾವಲು ಗೋಪುರಗಳು ಹೋದವು. ಜನ ಗಡಿ ಇದೆ ಅನ್ನುವುದನ್ನೇ ಮರೆತು ಓಡಾಡಿದರು. ಎರಡೂ ಕಡೆ ಒಂದೇ ಮಾರುಕಟ್ಟೆ ನಿಯಮ ಇದ್ದದ್ದರಿಂದ ಲಾರಿ ನಿಲ್ಲಿಸಿ ನೋಡುವ ಅಗತ್ಯವೂ ಇರಲಿಲ್ಲ. ಬ್ರಿಟನ್ ಹೊರಗೆ ಬಂದರೆ ತಪಾಸಣೆ ಎಲ್ಲೋ ಒಂದು ಕಡೆ ಆಗಲೇಬೇಕು. ಆ ಹಳೆಯ ಗಡಿಯಲ್ಲಿ ಮಾಡುವ ಹಾಗಿಲ್ಲ. ಕೊನೆಗೆ ಅದನ್ನು ಸಮುದ್ರದ ಮೇಲೆ, ಅಂದರೆ ಬ್ರಿಟನ್ನಿನದೇ ಎರಡು ಭಾಗಗಳ ನಡುವೆ ಇಟ್ಟರು. ಬ್ರಿಟನ್ ಜೊತೆಗೇ ಇರಬೇಕು ಅನ್ನುವ ಅಲ್ಲಿನ ಜನರಿಗೆ ತಮ್ಮನ್ನು ಹೊರಗೆ ನಿಲ್ಲಿಸಿದ ಹಾಗಾಯಿತು. 2023ರಲ್ಲಿ ನಿಯಮ ಸಡಿಲಿಸಿದರು, ಪೂರ್ತಿ ತೆಗೆಯಲಾಗಲಿಲ್ಲ. ಉತ್ತರ ಐರ್ಲೆಂಡಿನಲ್ಲಿ ಶೇ 55.8 ಜನ ಉಳಿಯಬೇಕು ಅಂದಿದ್ದರು ಅನ್ನುವುದನ್ನೂ ಇಲ್ಲಿ ನೆನೆಯಬೇಕು.

ಹಾಗಾದರೆ ನೆಟ್ಟಗೆ ಹೊರಗೆ ಬಂದವರೇ ಇಲ್ಲವಾ ಅಂತ ಕೇಳಬಹುದು. ಗ್ರೀನ್‌ಲೆಂಡ್ ಇದೆ. ಡೆನ್ಮಾರ್ಕಿನ ಜೊತೆ 1973ರಲ್ಲಿ ಒಳಗೆ ಹೋಗಿತ್ತು. 1982ರಲ್ಲಿ ಮತ ಹಾಕಿ 1985ರಲ್ಲಿ ಹೊರಗೆ ಬಂತು. ಅವರಿಗೆ ಬೇಕಾದದ್ದು ಸ್ಪಷ್ಟವಾಗಿತ್ತು: ನಮ್ಮ ಸಮುದ್ರದ ಮೀನಿನ ಮೇಲೆ ಹಿಡಿತ ನಮಗಿರಬೇಕು. ಅದನ್ನು ಪಡೆದು, ಒಕ್ಕೂಟದ ಜೊತೆ ಮೀನುಗಾರಿಕೆ ಒಪ್ಪಂದ ಮಾಡಿಕೊಂಡು, ನಂಟು ಉಳಿಸಿಕೊಂಡರು. ಸುಮಾರು 50 ಸಾವಿರ ಜನಸಂಖ್ಯೆ, ಮುಖ್ಯವಾಗಿ ಒಂದೇ ವಿಷಯ. ಅಷ್ಟಕ್ಕೇ ಮೂರು ವರ್ಷ ಹಿಡಿಯಿತು. ಕೋಟಿಗಟ್ಟಲೆ ಜನರ ದೇಶಕ್ಕೆ, ನೂರಾರು ವಿಷಯಗಳಿಗೆ ಎಷ್ಟು ಬೇಕು?

ನಾರ್ವೆಯದ್ದು ಇನ್ನೊಂದು ಪಾಠ. ಅಲ್ಲಿನ ಜನ 1972ರಲ್ಲೂ 1994ರಲ್ಲೂ ಸೇರುವುದು ಬೇಡ ಅಂದರು. ಆದರೂ ಒಕ್ಕೂಟದ ಮಾರುಕಟ್ಟೆ ಬೇಕಿತ್ತು. ಹಾಗಾಗಿ ಹಣ ಕೊಡುತ್ತಾರೆ, ಮಾರುಕಟ್ಟೆಯ ನಿಯಮಗಳನ್ನು ತಮ್ಮಲ್ಲೂ ಜಾರಿಗೆ ತರುತ್ತಾರೆ, ಆ ನಿಯಮ ಮಾಡುವಾಗ ಮಾತ್ರ ಅವರಿಗೆ ಮತ ಇಲ್ಲ. ಬ್ರಿಟನ್ನೂ ನಿಧಾನಕ್ಕೆ ಇದೇ ದಾರಿಗೆ ಬರುತ್ತಿದೆ. ಆಹಾರದ ತಪಾಸಣೆ ಕಡಿಮೆ ಮಾಡಿಕೊಳ್ಳುವ ಬಗ್ಗೆ 2025ರ ಮೇ ತಿಂಗಳಲ್ಲಿ ಎರಡೂ ಕಡೆ ಒಂದು ತಿಳುವಳಿಕೆಗೆ ಬಂದವು. ಅದಕ್ಕೆ ಬ್ರಿಟನ್ ಒಕ್ಕೂಟದ ಆಹಾರ ನಿಯಮಗಳನ್ನು ಅವು ಬದಲಾದ ಹಾಗೆಲ್ಲ ತಾನೂ ಪಾಲಿಸಬೇಕು. ಪಕ್ಕದ ದೊಡ್ಡ ಮಾರುಕಟ್ಟೆ ಎಲ್ಲಿಗೂ ಹೋಗುವುದಿಲ್ಲ ನೋಡಿ.

ನನ್ನ ಮಟ್ಟಿಗೆ ಜನಮತ ಎರಡು ಸಲ ಕೇಳಬೇಕು. ಮಾತುಕತೆ ಶುರು ಮಾಡೋಣವೇ ಅಂತ ಒಮ್ಮೆ. ಇಗೋ ಒಪ್ಪಂದ, ಇಲ್ಲಿ ಗಡಿ, ಇಷ್ಟು ಖರ್ಚು, ಒಪ್ಪಿಗೆಯಾ ಅಂತ ಇನ್ನೊಮ್ಮೆ. ಮೊದಲ ಸಲ ಗೆದ್ದವರಿಗೆ ಇದು ಮೋಸ ಅನಿಸುತ್ತದೆ, ಅರ್ಥವಾಗುತ್ತದೆ. ಹಾಗಾಗಿಯೇ ಎರಡು ಸಲ ಕೇಳುತ್ತೇವೆ ಅಂತ ಶುರುವಿನಲ್ಲೇ ಹೇಳಿರಬೇಕು. ಬ್ರಿಟನ್ನಿಗೆ ಆ ಅವಕಾಶ ಇತ್ತು. ಬಿಡುವ ನೋಟಿಸನ್ನು ಬೇರೆಯವರ ಒಪ್ಪಿಗೆ ಇಲ್ಲದೆ ಬ್ರಿಟನ್ ಒಂದೇ ವಾಪಸ್ ಪಡೆಯಬಹುದು ಅಂತ ಒಕ್ಕೂಟದ ನ್ಯಾಯಾಲಯ 2018ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತ್ತು. 2020ರ ಜನವರಿ 31ರ ರಾತ್ರಿ ಆ ಅವಕಾಶ ಮುಗಿಯಿತು. ಈಗ ಮತ್ತೆ ಸೇರಬೇಕೆಂದರೆ ಹೊಸ ದೇಶದ ಹಾಗೆ ಅರ್ಜಿ ಹಾಕಬೇಕು, ಎಲ್ಲ 27 ದೇಶಗಳೂ ಹೂಂ ಅನ್ನಬೇಕು. 1984ರ ಆ ರಿಯಾಯಿತಿ ಮತ್ತೆ ಸಿಗುತ್ತದೆ ಅಂತ ಯಾರೂ ಭರವಸೆ ಕೊಡುವುದಿಲ್ಲ.