ಹಿತ್ತಿಲಿಗೆ ಬಂದ ಪಾರ್ಕಿಂಗ್: ಶಿವಮೊಗ್ಗದ ಕನ್ಸರ್ವೆನ್ಸಿ ಕಥೆ

ಶಿವಮೊಗ್ಗದವರಿಗೆ ಕನ್ಸರ್ವೆನ್ಸಿ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ: ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಹಾದುಹೋಗುವ ಕಿರಿದಾದ ಓಣಿ. ದುರ್ಗಿಗುಡಿ ಕಡೆ ನಮ್ಮ ಅತ್ತೆ ಮನೆ. ಬೇಸಿಗೆ ರಜೆಗೆ ಹೋದಾಗ ಅತ್ತೆಯದು ಒಂದೇ ಷರತ್ತು. "ಎಲ್ಲಿ ಬೇಕಾದ್ರೂ ಆಡ್ಕೊಳಿ, ಕನ್ಸರ್ವೆನ್ಸಿಗೆ ಮಾತ್ರ ಇಳೀಬೇಡಿ." ಚೆಂಡು ಹಿಂದಿನ ಕಾಂಪೌಂಡ್ ಹಾರಿತೋ, ಅದರ ಆಸೆ ಬಿಟ್ಟ ಹಾಗೇ. ಈಗ ಅದೇ ಓಣಿಗೆ ಇಂಟರ್‌ಲಾಕ್ ಟೈಲ್ಸ್ ಬಂದಿದೆ. ಸ್ಕೂಟರ್‌ಗಳು ಸಾಲಾಗಿ ನಿಂತಿರುತ್ತವೆ.

ಈ ಓಣಿಗಳು ಸುಮ್ನೆ ಬಿಟ್ಟ ಜಾಗವಲ್ಲ. ಆಗೆಲ್ಲ ಪಾಯಿಖಾನೆ ಮನೆಯ ಹಿಂದಿನ ತುದಿಯಲ್ಲಿ ಇರುತ್ತಿತ್ತು. ಫ್ಲಷ್ ಇಲ್ಲ, ನೀರಿಲ್ಲ. ಮಲವನ್ನು ದಿನಾ ಒಬ್ಬರು ಬಂದು ಬಳಿದು, ಹೊತ್ತುಕೊಂಡು ಹೋಗಬೇಕು. ಅವರು ಮುಂದಿನ ಬೀದಿಯಲ್ಲಿ ಕಾಣಬಾರದು ಅಂತ ಹಿಂದೊಂದು ದಾರಿ. ನೈರ್ಮಲ್ಯದ ಲೆಕ್ಕವೂ ಜಾತಿಯ ಲೆಕ್ಕವೂ ಸೇರಿ ಹುಟ್ಟಿದ ದಾರಿ ಅದು. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ರಾಜ್ಯದಲ್ಲಿ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಇಡೀ ದೇಶಕ್ಕೆ ಅಂತ ಕಾನೂನು ಬರಲು 1993 ಆಗಬೇಕಾಯಿತು. ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ, ಬಂದಮೇಲೆ ಓಣಿಗೆ ಕೆಲಸವೇ ಉಳಿಯಲಿಲ್ಲ. ಕಸ ಬಿತ್ತು, ಬಚ್ಚಲ ನೀರು ನಿಂತಿತು, ಕೆಲವರು ನಾಲ್ಕಡಿ ಒತ್ತಿಕೊಂಡು ಶೆಡ್ಡನ್ನೂ ಎಬ್ಬಿಸಿದರು.

ಇತ್ತ ಮುಂದಿನ ಬೀದಿಗಳದ್ದು ಬೇರೆಯೇ ಪಾಡು. ಗಾಂಧಿ ಬಜಾರ್ ಎತ್ತಿನ ಗಾಡಿ, ಸೈಕಲ್ ಕಾಲದ ಅಳತೆಯದ್ದು. ಒಂದು ಕಾರು ನಿಲ್ಲಲು ಹೆಚ್ಚುಕಡಿಮೆ ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಬೇಕು. ಅಷ್ಟರಲ್ಲಿ ಐದಾರು ಸ್ಕೂಟರ್ ಹಿಡಿಸುತ್ತವೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಅಡಿಕೆ ವ್ಯವಹಾರಕ್ಕೆ ಬಂದವರು ಬಟ್ಟೆ, ಬಂಗಾರ ನೋಡಿಕೊಂಡೇ ಹೋಗುವುದು. ಈಗ ಅವರು ಬರುವುದೂ ಕಾರಿನಲ್ಲೇ. ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆಯ ಜಾತ್ರೆ ಬಂದಾಗಲಂತೂ ನಡೆಯುವುದಕ್ಕೇ ಜಾಗ ಇರಲ್ಲ, ಗಾಡಿ ಮಾತು ಬಿಡಿ.

2013ರಲ್ಲಿ ಊರಿಗೆ ಮಹಾನಗರ ಪಾಲಿಕೆ ಬಂತು. 2016ರ ಸೆಪ್ಟೆಂಬರ್‌ನಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಯಲ್ಲೂ ಹೆಸರು ಬಂತು. ಒಂದು ನಗರಕ್ಕೆ ಕೇಂದ್ರದ್ದು 500 ಕೋಟಿ, ರಾಜ್ಯದ್ದೂ ಅಷ್ಟೇ ಅನ್ನುವ ಲೆಕ್ಕ. ಆಮೇಲೆ ಶುರುವಾಯಿತು ನೋಡಿ ಅಗೆತ. ಕುಡಿಯುವ ನೀರು, ಯುಜಿಡಿ, ಕರೆಂಟು, ಕೇಬಲ್ಲು ಎಲ್ಲವೂ ನೆಲದೊಳಗೇ ಹೋಗಬೇಕು. ಒಂದರ ಗುಂಡಿ ಮುಚ್ಚುವಷ್ಟರಲ್ಲಿ ಇನ್ನೊಂದರದ್ದು ತಯಾರು. ಒಂದು ಮಳೆಗಾಲ ನಾನೇ ಒಂದು ಗುಂಡಿಯಂಚಿನಲ್ಲಿ ಜಾರಿ, ಹೊಸ ಚಪ್ಪಲಿಯ ಒಂದು ಕಾಲನ್ನು ಅಲ್ಲೇ ಬಿಟ್ಟು ಬಂದಿದ್ದೇನೆ.

ಕಾಗದದ ಮೇಲೆ ಲೆಕ್ಕ ಚೆನ್ನಾಗಿಯೇ ಇತ್ತು. ಚರಂಡಿ ಮುಚ್ಚಿ ಅದರ ಮೇಲೆ ಫುಟ್‌ಪಾತ್, ಕೆಳಗೆ ಕೇಬಲ್‌ಗೆ ಬೇರೆ ಕೊಳವೆ. ಹಾಗೆ ಮಾಡಿದರೆ ಮತ್ತೆ ಅಗೆಯಬೇಕಿಲ್ಲ. ಫುಟ್‌ಪಾತ್‌ನಲ್ಲಿ ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಬಿಡಬೇಕು ಅನ್ನುತ್ತದೆ ಭಾರತೀಯ ರಸ್ತೆ ಕಾಂಗ್ರೆಸ್. ಇಬ್ಬರು ಎದುರುಬದುರು ಆರಾಮಾಗಿ ದಾಟುವಷ್ಟು ಜಾಗ. ಆದರೆ ಆ ಜಾಗ ಆಕಾಶದಿಂದ ಬೀಳಲ್ಲ ಅಲ್ವಾ? ನಡೆಯುವವರಿಗೆ ಕೊಟ್ಟಷ್ಟೂ ಗಾಡಿಗೆ ಕಡಿಮೆ. ಗಿರಾಕಿ ಎಲ್ಲಿ ನಿಲ್ಲಿಸಬೇಕು ಅಂತ ಅಂಗಡಿಯವರು ಕೇಳುವುದರಲ್ಲಿ ತಪ್ಪೇನಿಲ್ಲ. ತಳ್ಳುಗಾಡಿಯವರಿಗೂ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಬಲ ಇದೆ, ಸುಮ್ನೆ ಎಬ್ಬಿಸುವ ಹಾಗಿಲ್ಲ. ಆಗ ಎಲ್ಲರ ಕಣ್ಣು ಬಿದ್ದದ್ದು ಹಿಂದಿನ ಓಣಿಯ ಮೇಲೆ.

ತುಂಗೆಯ ದಂಡೆಯದ್ದೂ ಹೆಚ್ಚುಕಡಿಮೆ ಇದೇ ಕಥೆ. ಊರು ಹೊಳೆಗೆ ಬೆನ್ನು ಹಾಕಿ ಬೆಳೆದಿತ್ತು. ಅತ್ತ ಮುಖ ಮಾಡಿದ್ದು ಚರಂಡಿಗಳು ಮಾತ್ರ. ಈಗ ಅಲ್ಲಿ ನಡಿಗೆ ದಾರಿ ಆಗಿದೆ. ಕಟ್ಟಿದ್ದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಹೊಳೆ ಅಂಚಿನ ದಾರಿಗೆ ಹೊಳೆಯೇ ಯಜಮಾನಿ ಅನ್ನುವುದನ್ನು ಮಾತ್ರ ಮರೆಯಬಾರದು. ಗಾಜನೂರಿನ ತುಂಗಾ ಜಲಾಶಯ ಹಿಡಿಯುವುದು 3.24 ಟಿಎಂಸಿ ಅಷ್ಟೇ. ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಬೇಗ ತುಂಬಿ ಗೇಟ್ ಎತ್ತುತ್ತಾರೆ. ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತಾ ಅಂತ ಊರಿನವರು ಕೊಡೆ ಹಿಡಿದು ನೋಡಲು ಹೋಗುವುದು ಆಗಲೇ.

ಇನ್ನು ನಮ್ಮ ಓಣಿ. ಮಳೆ ಬಂದರೆ ಸಡಿಲವಾದ ಟೈಲ್ ಮೇಲೆ ಕಾಲಿಟ್ಟ ಕೂಡಲೇ ರಾಡಿ ನೀರು ಪಿಚಕ್ಕಂತ ಪಂಚೆಗೆ ಹಾರುತ್ತದೆ. ಆದರೂ ಮೂಗು ಮುಚ್ಚದೆ ನಡೆಯಬಹುದು. ಅತ್ತೆ ಈಗ ಹಾಲಿಗೆ ಹಿಂದಿನ ಬಾಗಿಲಿಂದಲೇ ಹೋಗುತ್ತಾರೆ. ಗೇಟ್ ಮುಂದೆ ಗಾಡಿ ನಿಲ್ಲಿಸಬೇಡಿ ಅನ್ನುವ ಬೋರ್ಡ್ ಮೊದಲು ಮುಂಬಾಗಿಲಲ್ಲಿ ಮಾತ್ರ ಇತ್ತು. ಹೋದ ತಿಂಗಳು ಹಿತ್ತಿಲ ಬಾಗಿಲಿಗೂ ಒಂದು ಬರೆಸಿದ್ದಾರೆ.